ನವಿಲುಗರಿಗೆ ಒಂದು ಮೂಟೆ ಜೋಳ

ನೆರೆಯಲ್ಲಿ ಬಿಲ ಕಳೆದುಕೊಂಡ ಇಲಿಗಳಿಗೆ ಕಾಳು ಕೂಡಿಸಲು ಮುದಿ ಆಮೆ ಕಲಾಕೃತಿಗಳ ಹರಾಜು ಏರ್ಪಡಿಸಿತು. ಕಾಡೆಲ್ಲ ಅಲೆದು ಅದರ ಕಾಲು ಸೋತಿತ್ತು. ಗೀಜಗ ಒಂದು ಗೂಡು ಕೊಟ್ಟಿತು, ನವಿಲು ತಾನೇ ಉದುರಿಸಿದ ಗರಿ ಕೊಟ್ಟಿತು. ಹೀಗೆ ಕೊಡಲು ಎಲ್ಲರೂ ಬಂದರು, ಕೊಳ್ಳಲು ಮಾತ್ರ ಯಾರೂ ಬರಲಿಲ್ಲ. ಇಲಿಮರಿಗಳು ಹಸಿದು ಮೂಲೆಯಲ್ಲಿ ಕೂತಿದ್ದವು.

"ಗೀಜಗನ ಗೂಡು, ಒಂದು ಹಿಡಿ ಜೋಳ!" ಎಂದು ಆಮೆ ಕೂಗಿತು. ಯಾರೂ ಕೊಕ್ಕು ತೆರೆಯಲಿಲ್ಲ. ಕೊನೆಗೆ ಅವಮಾನ ತಾಳದೆ ಗೀಜಗವೇ, "ಎರಡು ಹಿಡಿ" ಎಂದಿತು.

ಆಮೆಗೆ ದಾರಿ ಹೊಳೆಯಿತು. ಅದು ಗರಿಯನ್ನು ಎತ್ತಿ ಹಿಡಿಯಿತು. "ನವಿಲರಾಯರೇ, ಇದನ್ನು ಅರ್ಧ ಹಿಡಿಯಿಂದ ಶುರು ಮಾಡಲೇ?"

"ಅರ್ಧವೇ? ಆ ಹುಲ್ಲಿನ ಗೂಡಿಗೇ ಎರಡಾದರೆ ನನ್ನ ಗರಿಗೆ ಒಂದು ಮೂಟೆ!"

"ಕೊಡುವವರು ಯಾರು?"

"ನಾನೇ ಕೊಡುತ್ತೇನೆ!"

"ಒಂದು ಸಲ, ಎರಡು ಸಲ, ಮೂರು ಸಲ" ಎಂದಿತು ಆಮೆ.

ಸಂಜೆ ಎಲ್ಲರೂ ತಮ್ಮ ತಮ್ಮ ಕಲಾಕೃತಿಯನ್ನೇ ಹೊತ್ತು ಮನೆಗೆ ಹೋದರು. ಕಾಳಿನ ರಾಶಿ ಕಂಡು ತಾಯಿ ಇಲಿಯ ಕಣ್ಣು ತುಂಬಿತು. "ಎಷ್ಟು ಕರುಣೆ ಅಜ್ಜ, ಇವರಿಗೆ!"

"ಮೊದಲು ಮರಿಗಳಿಗೆ ಉಣಿಸವ್ವ" ಎಂದು ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.