ಮಂತ್ರಿಯ ಚಪ್ಪರಕ್ಕೆ ಬಂದ ಗಾಡಿಗಳು

ಒಂದು ರಾಜ್ಯ. ಅದಕ್ಕೊಂದು ಕೋಟೆ, ಕೋಟೆಯೊಳಗೆ ಊರು, ಕೋಟೆಗೆ ಅಂಟಿಕೊಂಡು ಹೊರಗೆ ಮೂರು ತೋಟ. ಮೊದಲನೆಯದು ಚೌಡಪ್ಪನ ಮಲ್ಲಿಗೆ ತೋಟ, ಎರಡನೆಯದು ಕೆಂಚಮ್ಮನ ಎಲೆತೋಟ, ಮೂರನೆಯದು ಅಕ್ಕಯಮ್ಮನ ಸೊಪ್ಪಿನ ತೋಟ. ಊರಿನ ಮುಡಿಗೆ ಹೂವು, ಬಾಯಿಗೆ ಎಲೆ, ಸಾರಿಗೆ ಸೊಪ್ಪು ಅಲ್ಲಿಂದಲೇ. ಕೊಳ್ಳುವವರಿಗೆ ಆ ತೋಟಗಳ ಯೋಚನೆ ಇರಲಿಲ್ಲ.

ಯೋಚನೆ ಇದ್ದವನು ಮಂತ್ರಿ ನಾಗಪಯ್ಯ ಒಬ್ಬನೇ. ಅವನಿಗೆ ಅಲ್ಲೊಂದು ಮಹಲು ಬೇಕಿತ್ತು.

ಒಂದು ಬೆಳಿಗ್ಗೆ ಅವನ ಆಳುಗಳು ಮಲ್ಲಿಗೆ ತೋಟದಲ್ಲಿ ಅಳತೆಯ ಗೂಟ ಹೊಡೆದರು. ಚೌಡಪ್ಪ ಮೂಟೆ ಕಟ್ಟಿದ. ಇನ್ನೊಂದು ಬೆಳಿಗ್ಗೆ ಎಲೆತೋಟದಲ್ಲಿ ಹೊಡೆದರು. ಕೆಂಚಮ್ಮ ಮೂಟೆ ಕಟ್ಟಿದಳು. ಅಕ್ಕಯಮ್ಮನ ನಿದ್ದೆ ಹಾರಿಹೋಯಿತು. ಎಲ್ಲಿ ಏನು ಕುಟ್ಟಿದ ಸದ್ದಾದರೂ ಬೇಲಿಯ ಬಳಿ ಓಡಿಹೋಗಿ ನೋಡುತ್ತಿದ್ದಳು. ಬಿತ್ತುವುದೋ ಬೇಡವೋ? ದಂಟು ಕೊಯ್ಲಿಗೆ ಬರುವವರೆಗೆ ನೆಲ ಇರುತ್ತದೋ ಇಲ್ಲವೋ?

ಮೂರನೆಯ ಸಲ ಗೂಟ ಅವಳ ಪಾತಿಯಲ್ಲೇ ಇಳಿಯಿತು.

ಅಕ್ಕಯಮ್ಮ ಮೂಟೆ ಕಟ್ಟಲಿಲ್ಲ. ಆಸ್ಥಾನಕ್ಕೆ ಹೋದಳು.

“ಅದು ಖಾಲಿ ಜಾಗ, ಮಹಾಪ್ರಭು,” ಎಂದ ಮಂತ್ರಿ. “ಒಂದಿಷ್ಟು ಸೊಪ್ಪು ಬಿಟ್ಟರೆ ಏನೂ ಇಲ್ಲ.”

“ಇದೆಯಲ್ಲ ಬುದ್ಧಿ,” ಎಂದಳು ಅಕ್ಕಯಮ್ಮ. “ದಿನಾ ಬೆಳಿಗ್ಗೆ ಗಾಡಿಗಳು ತುಂಬಿಕೊಂಡು ಬರ್ತವೆ. ಅರಮನೆಯಿಂದ ಒಂದು, ಪೇಟೆಯಿಂದ ಒಂದು, ಕೇರಿಗಳಿಂದ ಒಂದು. ತಮ್ಮ ತಾತನವರು ಮಾಡಿದ ಕಟ್ಟಳೆ. ನೆಲ ಇವರಿಗೆ ಹೋದ್ರೆ ಗಾಡಿ ಯಾರಿಗೆ?”

ಗಾಡಿಯಲ್ಲಿ ಏನಿರುತ್ತದೆಂದು ಮಂತ್ರಿ ಕೇಳಬಹುದಿತ್ತು. ಆದರೆ ಅವನು ಹೊತ್ತೇರುವವರೆಗೆ ಮಲಗುವವನು; ತನ್ನ ಮನೆಯ ಹಿತ್ತಿಲ ಬಾಗಿಲನ್ನೇ ಕಂಡವನಲ್ಲ. ಅರಮನೆಯಿಂದ ತುಂಬಿಕೊಂಡು ಬರುವ ಗಾಡಿ ಎಂದರೆ ಅವನಿಗೆ ತೋಚಿದ್ದು ಅಕ್ಕಿ.

“ನೆಲ ನನ್ನದಾದರೆ ಗಾಡಿಯೂ ನನ್ನದೇ!” ಎಂದ.

ರಾಜನಿಗೂ ಗೊತ್ತಿರಲಿಲ್ಲ. “ಹಾಗೇ ಆಗಲಿ. ಒಂದು ಗಾಡಿಯೂ ಬೇರೆಲ್ಲೂ ಹೋಗಕೂಡದು,” ಎಂದು ಆಜ್ಞೆ ಮಾಡಿದ.

ಮರುದಿನವೇ ಗುದ್ದಲಿ ಪೂಜೆ. ಮಂತ್ರಿ ಸೊಪ್ಪಿನ ತೋಟದಲ್ಲಿ ಚಪ್ಪರ ಹಾಕಿಸಿ ರಾಜನನ್ನೂ ಕರೆದ. ಅಕ್ಕಯಮ್ಮ ಬೇಲಿಯಾಚೆ ನಿಂತು ದಾರಿ ನೋಡುತ್ತಿದ್ದಳು. ಇವತ್ತೇ ಗಾಡಿ ಬರದಿದ್ದರೆ?

ಮೊದಲ ಗಾಡಿ ಬಂತು: ಆನೆಲಾಯದ ಲದ್ದಿ. ಎರಡನೆಯದು ಬಂತು: ಪೇಟೆಯ ಕೊಳೆತ ತರಕಾರಿ. ಮೂರನೆಯದು ಕೇರಿಗಳ ಹಿತ್ತಿಲಿನದು. ಅದರಲ್ಲಿ ಏನಿತ್ತೆಂದು ಊಟದ ಹೊತ್ತಿನಲ್ಲಿ ಹೇಳಬಾರದು.

“ನಿಲ್ಲಿಸಿ!” ಎಂದು ಮಂತ್ರಿ ಕಿರುಚಿದ.

“ರಾಜಾಜ್ಞೆ ಸ್ವಾಮಿ,” ಎಂದಿತು ಗಾಡಿಯ ಎತ್ತು. “ನಾಳೆಯೂ ಬರ್ತೀವಿ. ನಾಡಿದ್ದೂ ಬರ್ತೀವಿ.” ಎತ್ತು ಮಾತಾಡುತ್ತದೆಯೇ ಎನ್ನಬೇಡಿ. ಮಂತ್ರಿ ಹೇಳಿದ್ದನ್ನೂ ಜನ ನಂಬಿದ್ದರು.

ರಾಜ ಮೂಗು ಮುಚ್ಚಿಕೊಂಡ. “ಇಷ್ಟು ದಿನ ಇದನ್ನೆಲ್ಲ ಏನು ಮಾಡುತ್ತಿದ್ದೆ, ಅಕ್ಕಯಮ್ಮ?”

“ನೀವು ಉಣ್ಣೋ ಸೊಪ್ಪು ಮಾಡ್ತಿದ್ದೆ ಬುದ್ಧಿ.”

ಮಂತ್ರಿ ಕೈಮುಗಿದ. “ತಾಯೀ, ನಿನ್ನ ನೆಲ ನೀನೇ ತಗೊ.”

“ಒಬ್ಬಳ ಕೈಲಿ ಆಗೋದಿಲ್ಲ ಸ್ವಾಮಿ. ಇದು ಮೂರು ತೋಟದವರೂ ಹಂಚಿಕೊಳ್ತಿದ್ದ ಗೊಬ್ಬರ. ಚೌಡಪ್ಪನೂ ಬರಬೇಕು, ಕೆಂಚಮ್ಮನೂ ಬರಬೇಕು. ಗೂಟ ಮಾತ್ರ ನೀವೇ ಕೀಳಿ.”

ಕಿತ್ತ. ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು, ಮೂರೂ ತೋಟದ್ದು.

ಅರಮನೆಗೆ ಹಿಂತಿರುಗುವಾಗ ರಾಜನ ಕಣ್ಣು ಪಕ್ಕದ ಕೆರೆಯ ಮೇಲೆ ಬಿತ್ತಂತೆ. “ಇಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲ!” ಎಂದನಂತೆ.

ನೀತಿ ಇಷ್ಟೇ, ಮಕ್ಕಳೇ. ದೊಡ್ಡವರು ಯಾವುದನ್ನಾದರೂ ಖಾಲಿ ಜಾಗ ಎಂದರೆ, ಅಲ್ಲಿ ಯಾರು ಬದುಕುತ್ತಿದ್ದಾರೆ, ಊರಿನ ಯಾವ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ ಎಂದು ಮೊದಲು ಹೋಗಿ ನೋಡಿ. ನಾರುವವರೆಗೆ ಕಾಯಬೇಡಿ.