ನೀರಿನ ಮೇಲೆ ಬರೆಯುವ ಹುಳು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಚೀನಾ ದೇಶದಲ್ಲಿ ಹೊಳೆ ಮಾತಾಡುತ್ತಿತ್ತು, ಗಾಳಿ ಉತ್ತರ ಕೊಡುತ್ತಿತ್ತು. ಆದರೆ ಆ ಕಾಲಕ್ಕೊಂದು ಕೆಟ್ಟ ಕಟ್ಟಳೆಯಿತ್ತು, ಅದಕ್ಕಿಷ್ಟು ಬೆಂಕಿ ಹಾಕ! ಯಾರಾದರೂ ಸತ್ತರೆ ನೂರು ದಿನದೊಳಗೆ ಅವರ ಹೆಸರನ್ನು ರೇಷ್ಮೆಯ ಮೇಲೆ ಬರೆದಿಡಬೇಕು. ಬರೆಯದಿದ್ದರೆ ಹೆತ್ತವಳಿಗೂ ಅವರ ಮುಖ ಮರೆತುಹೋಗುತ್ತಿತ್ತು.

ಹೊಳೆದಂಡೆಯಲ್ಲಿದ್ದ ಶೂಲಾನ್ ಎಂಬುವಳ ಹೆಣ್ಣುಮಗು ಹತ್ತು ತಿಂಗಳಿಗೇ ತೀರಿಕೊಂಡಿತು. ಅವಳಿಗೆ ಉಳಿದದ್ದು ಮಗುವಿನ ಹುಟ್ಟುಗೂದಲಿನ ಕುಂಚ ಒಂದೇ. ಮಗುವಿನ ಮೊದಲ ಕೂದಲನ್ನು ತೆಗೆದು, ಬಿದಿರಿನ ಕಡ್ಡಿಗೆ ಕಟ್ಟಿ, ಬರೆಯುವ ಕುಂಚ ಮಾಡಿಡುವುದು ಅಲ್ಲಿಯವರ ಪದ್ಧತಿ.

ಅಳುತ್ತ ಅಳುತ್ತ ತೊಂಬತ್ತೊಂಬತ್ತು ದಿನ ಕಳೆದವು. ಕುಂಚ ಎತ್ತಿಕೊಳ್ಳುವಳು, ಎದೆಗೊತ್ತಿಕೊಂಡು ಮತ್ತೆ ಕೆಳಗಿಡುವಳು. ನೂರನೇ ದಿನ ಅವಳ ಅಪ್ಪ ಮಸಿ ತೇಯ್ದು, ಮನೆಯಲ್ಲಿದ್ದ ಒಂದೇ ಒಂದು ತುಂಡು ರೇಷ್ಮೆಯನ್ನು ಹಾಸಿಕೊಟ್ಟ.

"ಬರಿ ಮಗಳೇ. ಗೆರೆ ಸೊಟ್ಟಗಾದರೂ ಆಗಲಿ. ಎಳೆದ ಗೆರೆಯ ಮೇಲೆ ಮಾತ್ರ ಮತ್ತೆ ಕುಂಚ ಆಡಿಸಬೇಡ."

"ಹೂಂ ಅಪ್ಪಾ" ಎಂದಳು ಶೂಲಾನ್.

ಬರೆದಳು. ಚೆನ್ನಾಗಿಯೇ ಬರೆದಳು. ಕೊನೆಯ ಗೆರೆಗೆ ಬಂದಾಗ ಕುಂಚದ ಮಸಿ ತೀರಿ ಅದು ತೆಳ್ಳಗಾಯಿತು. ಅಯ್ಯೋ, ಬಿಟ್ಟುಬಿಡಬಾರದಿತ್ತೇ! ಬದುಕಿದ್ದಾಗಲೂ ಬಡಕಲಾಗಿದ್ದ ಕೂಸು, ಅದರ ಹೆಸರೂ ಬಡಕಲಾಗಬೇಕೇ ಎಂದುಕೊಂಡಳು. ಆ ಗೆರೆಯ ಮೇಲೆ ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ ಎಳೆದಳು. ಮಸಿ ಹರಡಿ ಹೆಸರೆಲ್ಲ ಕರಿ ಮುದ್ದೆಯಾಯಿತು.

ಹೊತ್ತು ಇಳಿಯುತ್ತಿತ್ತು. ರೇಷ್ಮೆಯನ್ನು ತೊಳೆದು ಮತ್ತೆ ಬರೆಯೋಣವೆಂದು ಹೊಳೆಗೆ ಓಡಿದಳು. ತೊಳೆದಳು, ತಿಕ್ಕಿದಳು. ಕಲೆ ಹೋಗಲಿಲ್ಲ. ಕೊನೆಗೆ ಕುಂಚವನ್ನು ನೀರಿಗದ್ದಿ, "ಹೊಳೆಯಮ್ಮಾ, ನಿನ್ನ ಮೇಲೇ ಬರೀತೀನಿ. ಒಂದು ಗಳಿಗೆ ನಿಲ್ಲೇ" ಎಂದು ಅಂಗಲಾಚಿದಳು.

"ನಿಲ್ಲೋದು ನನಗೆ ಗೊತ್ತೇ ಇಲ್ಲವಲ್ಲೇ ತಾಯಿ" ಎಂದು ಹೊಳೆಯೂ ಅತ್ತಿತು.

ಬರೆದಳು, ಹೋಯಿತು. ಬರೆದಳು, ಹೋಯಿತು. ಕುಂಚದ ಕೂದಲು ಒಂದೊಂದೇ ಉದುರಿ ನೀರಿಗೆ ಬಿದ್ದವು. ಸೂರ್ಯ ಮುಳುಗಿದ.

ಅಪ್ಪ ಹುಡುಕಿಕೊಂಡು ಬಂದಾಗ ಶೂಲಾನಳ ಕೈಯಲ್ಲಿ ಬರೀ ಬಿದಿರುಕಡ್ಡಿಯಿತ್ತು.

"ಅಪ್ಪಾ, ಈ ಕಡ್ಡಿ ಯಾರದು? ನಾನ್ಯಾಕೆ ಅಳ್ತಿದ್ದೀನಿ?"

ಅಪ್ಪನಿಗೂ ನೆನಪಿರಲಿಲ್ಲ. ಇಬ್ಬರೂ ಮನೆಗೆ ನಡೆದರು.

ಉದುರಿದ ಕೂದಲುಗಳು ಮಾತ್ರ ಆ ಹೆಸರನ್ನು ಮರೆಯಲಿಲ್ಲ, ಪಾಪ. ಆರಾರು ಕೂದಲು ಸೇರಿ, ಆರು ಕಾಲಿನ ಹುಳುಗಳಾಗಿ, ನೀರಿನ ಮೇಲೆ ಎದ್ದು ನಿಂತವು. ಅಮ್ಮನಿಗೆ ತೋರಿಸಬೇಕೆಂದು ಬರೆಯತೊಡಗಿದವು.

ಅದಕ್ಕೇ ಮಗಾ, ಇವತ್ತಿಗೂ ಕೆರೆಯ ಮೇಲೆ ಆ ಉದ್ದಕಾಲಿನ ಹುಳುಗಳು ಚಕ್ಕನೆ ಓಡುತ್ತವೆ, ನಿಲ್ಲುತ್ತವೆ, ಮತ್ತೆ ಓಡುತ್ತವೆ. ಎಷ್ಟು ಬರೆದರೂ ನೀರಿನ ಮೇಲೆ ಒಂದು ಗೆರೆಯೂ ಉಳಿಯುವುದಿಲ್ಲ.