ನಾಲ್ಕು ಖಾನೆಯ ಪೆಟ್ಟಿಗೆ ಮತ್ತು ಹಿಟ್ಟಿನ ಬೆಕ್ಕು

“ಎರಡು ಖಾನೆಯ ಪೆಟ್ಟಿಗೆ ತರಲೋ, ನಾಲ್ಕು ಖಾನೆಯದು ತರಲೋ?” ಎಂದು ಶಿಷ್ಯ ಮಡಿವಾಳಯ್ಯ ತನ್ನ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಯಾವ ಪೆಟ್ಟಿಗೆ ಎಂದು ಕೇಳಿದರು. ಮಡಿವಾಳಯ್ಯ ವಿವರಿಸಿದ. ಗುರುಗಳ ಹದಿನೆಂಟು ವರ್ಷಗಳ ಪ್ರವಚನಗಳನ್ನೆಲ್ಲ ಅವನೇ ರೆಕಾರ್ಡ್ ಮಾಡಿದ್ದ. ಅವೆಲ್ಲ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಅದು ಈಗ ಕಟಕಟ ಸದ್ದು ಮಾಡತೊಡಗಿತ್ತು. ಪೇಟೆಯಲ್ಲಿ ಸ್ಟೋರೇಜ್ ಸರ್ವರ್ ಎಂಬ ಪೆಟ್ಟಿಗೆ ಸಿಗುತ್ತದೆ, ಅದರೊಳಗೆ ಡಿಸ್ಕುಗಳನ್ನು ಕೂರಿಸಲು ಖಾನೆಗಳಿರುತ್ತವೆ. ವೈಫೈಗೆ ಜೋಡಿಸಿಬಿಟ್ಟರೆ ಮಠದ ಯಾವ ಕೋಣೆಯ ಟಿವಿಯಲ್ಲಾದರೂ, ಯಾರ ಮೊಬೈಲಿನಲ್ಲಾದರೂ ಪ್ರವಚನ ನೋಡಬಹುದು. ಎರಡು ಖಾನೆಯದು ಈಗಿನ ಮಟ್ಟಿಗೆ ಸಾಕು. ನಾಲ್ಕು ಖಾನೆಯದಾದರೆ ಮುಂದೆ ಬೆಳೆಸಬಹುದು. ಇದನ್ನೇ ಯೋಚಿಸಿ ಅವನಿಗೆ ಒಂದು ವಾರದಿಂದ ಊಟ ರುಚಿಸಿರಲಿಲ್ಲ.

ಈಗ ಅದನ್ನೆಲ್ಲ ಯಾರು ಕೇಳುತ್ತಾರೆ ಎಂದು ಗುರುಗಳು ಕೇಳಿದರು. ಸದ್ಯಕ್ಕೆ ಯಾರೂ ಇಲ್ಲ ಎಂದ ಮಡಿವಾಳಯ್ಯ. ಪ್ರವಚನದ ನಡುವೆ ಗುರುಗಳು ಕೆಮ್ಮಿದ್ದು, ತೂಕಡಿಸುವವರನ್ನು ಬೈದದ್ದು ಎಲ್ಲ ಹಾಗೇ ಉಳಿದಿದ್ದವು. ಅವನ್ನು ಕತ್ತರಿಸಿ ಶುದ್ಧ ಮಾಡಿದ ಮೇಲೆ ಜನರಿಗೆ ಕೊಡುವುದೆಂದು ಅವನ ಲೆಕ್ಕಾಚಾರ. ಅಲ್ಲಿಯವರೆಗೆ ಬೇರೆಯವರ ಕೈ ತಾಗಬಾರದೆಂದು ಪಾಸ್‌ವರ್ಡ್ ಹಾಕಿದ್ದ. ಅದನ್ನು ಚೀಟಿಯಲ್ಲಿ ಬರೆದು, ಮಡಚಿ ತಾಯಿತದೊಳಗಿಟ್ಟು ಕೊರಳಿಗೆ ಕಟ್ಟಿಕೊಂಡಿದ್ದ. ಗುರುಗಳಿಗೆ ಎಂಬತ್ತು ದಾಟಿತ್ತು. ಅವರ ಈ ಮಾತುಗಳು ಕಳೆದುಹೋದರೆ ಮತ್ತೆ ಎಲ್ಲಿ ಹುಡುಕುವುದು ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಗುರುಗಳು ಒಂದು ಹಿಡಿ ಶೇಂಗಾ ಅವನ ಕೈಗೆ ಹಾಕಿ, ತಿನ್ನುತ್ತ ಕೇಳು ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಗಿರಣಿಯವನಿದ್ದ. ಜೋಳ ಬೀಸುವುದು ಅವನ ಕಸುಬು. ಅವನ ಗಿರಣಿ ಬಂದ ಮೇಲೆ ಊರಿನ ಬೀಸುವ ಕಲ್ಲುಗಳೆಲ್ಲ ಮೂಲೆ ಸೇರಿದವು. ಕಲ್ಲು ಮೂಲೆ ಸೇರಿದರೂ ಬೀಸುವಾಗ ಹಾಡುತ್ತಿದ್ದ ಪದಗಳು ಬಾಯಲ್ಲಿ ಉಳಿದಿದ್ದವು. ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ಗಿರಣಿಯ ಮುಂದೆ ಪಾಳಿ ಹಚ್ಚಿ ಕುಳಿತಾಗ, ಹೊತ್ತು ಹೋಗಲೆಂದು ಅವನ್ನೇ ಹಾಡುತ್ತಿದ್ದರು. ಒಳಗೆ ಯಂತ್ರ ಬೀಸುತ್ತಿತ್ತು, ಹೊರಗೆ ಇವರು ಹಾಡುತ್ತಿದ್ದರು.

ಗಿರಣಿಯವನಿಗೆ ಇದು ಹಿಡಿಸಿತು. ತನ್ನಿಂದ ಕಲ್ಲು ನಿಂತುಹೋಯಿತು, ಪದವಾದರೂ ಉಳಿಯಲಿ ಎಂದು ಮೊಬೈಲಿನಲ್ಲಿ ವಿಡಿಯೊ ಮಾಡತೊಡಗಿದ. ಮೊದಲು ಮಾಡಿದ್ದು ತನ್ನ ತಾಯಿಯದು. ಮಗನ ಗಿರಣಿಯ ಹಿಟ್ಟಿಗೆ ರುಚಿಯಿಲ್ಲವೆಂದು ಕೊನೆಯವರೆಗೂ ಕಲ್ಲಿನಲ್ಲೇ ಬೀಸಿಕೊಂಡ ಹೆಣ್ಣುಮಗಳು ಆಕೆ. ಆಕೆಯ ಒಂದು ಪದ ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಹಾಡುತ್ತಿರುವಾಗ ನಟ್ಟನಡುವೆ ಒಂದು ಬೆಕ್ಕು ಬಂದು ಹಿಟ್ಟಿಗೆ ಮೂಗು ತೂರಿಸಿತು. ಆಕೆ ಕಲ್ಲು ನಿಲ್ಲಿಸಿದಳು. ರಾಗ ಬಿಡಲಿಲ್ಲ. “ಕಳ್ಳ ಬೆಕ್ಕ, ಹಿಟ್ಟ ಬಿಟ್ಟ ಹೋಗ” ಎಂದು ಅದೇ ರಾಗದಲ್ಲಿ ಗದರಿಸಿ, ಅದು ಹೊರಗೆ ಹೋಗುವ ತನಕ ಕಾದು, ಮುಂದಿನ ನುಡಿ ಹಿಡಿದಳು. ಮುಂದಿನ ವರ್ಷ ಆಕೆ ತೀರಿಕೊಂಡಳು.

ಮೊಬೈಲು ತುಂಬಿತು. ಗಿರಣಿಯವನು ಪೇಟೆಗೆ ಹೋಗಿ ಎರಡು ಖಾನೆಯ ಪೆಟ್ಟಿಗೆ ತಂದ. ಎರಡು ಡಿಸ್ಕಿನಲ್ಲೂ ಒಂದೇ ಬರೆದುಕೊಳ್ಳುತ್ತದೆ, ಒಂದು ಸತ್ತರೆ ಇನ್ನೊಂದು ಇರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅದನ್ನು ಕೇಳಿ ಇವನು ಎಷ್ಟು ನಿಶ್ಚಿಂತನಾದನೆಂದರೆ ಮೊಬೈಲಿನಲ್ಲಿದ್ದದ್ದನ್ನೆಲ್ಲ ಅಳಿಸಿಬಿಟ್ಟ.

ಓಣಿಯ ಹೆಂಗಸರು ತಮ್ಮ ಪದ ತಮಗೆ ಕೊಡು ಎಂದು ಕೇಳಿದರು. ಅವನು ಕೊಡಲಿಲ್ಲ. ಒಂದರಲ್ಲಿ ನಾಯಿ ಬೊಗಳಿತ್ತು, ಒಂದರಲ್ಲಿ ಪ್ರೆಷರ್ ಕುಕ್ಕರ್ ಕೂಗಿತ್ತು, ತಾಯಿಯದರಲ್ಲಂತೂ ಆ ಬೆಕ್ಕು. ಎಲ್ಲ ತೆಗೆದು ಚೊಕ್ಕ ಮಾಡಿದ ಮೇಲೆ ಕೊಡುತ್ತೇನೆ ಎಂದ. ತೆಗೆಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು. ಅಷ್ಟರಲ್ಲಿ ಯಾರೂ ಮುಟ್ಟಬಾರದೆಂದು ಪಾಸ್‌ವರ್ಡ್ ಹಾಕಿದ. ಯಾರೂ ಊಹಿಸಲಾಗದ್ದು ಬೇಕೆಂದು ಇಡೀ ಮಧ್ಯಾಹ್ನ ಯೋಚಿಸಿ ಹೆಂಡತಿಯ ಹೆಸರಿಟ್ಟ.

ಹೆಂಡತಿ ಸಂಜೆಯೊಳಗೆ ಊಹಿಸಿದಳು. ಮರುದಿನ ಓಣಿಗೆಲ್ಲ ಹೇಳಿದಳು. ಅವರ ಮನೆಯ ವೈಫೈ ಆಚೆಯ ಮೂರು ಮನೆಗಳಿಗೂ ಸಿಗುತ್ತಿತ್ತು. ಅವನು ಗಿರಣಿಗೆ ಹೋದದ್ದೇ ತಡ, ಆ ಮನೆಗಳ ಟಿವಿಗಳಲ್ಲಿ ಪದ ಶುರುವಾಗುತ್ತಿತ್ತು. ದೂರದ ಮನೆಯವರು ಬಂದು ಕೂಡುತ್ತಿದ್ದರು, ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಓಣಿಗೆ ಓಣಿಯೇ ಬಲ್ಲ ಈ ಸಂಗತಿ ಅವನೊಬ್ಬನಿಗೆ ಗೊತ್ತಿರಲಿಲ್ಲ.

ನಾಲ್ಕು ವರ್ಷಕ್ಕೆ ಪೆಟ್ಟಿಗೆಯೂ ತುಂಬಿತು. ಅವನು ನಾಲ್ಕು ಖಾನೆಯದು ತಂದು, ಹಳೆಯ ಎರಡು ಡಿಸ್ಕುಗಳನ್ನು ಅದರಲ್ಲಿ ಕೂರಿಸಿ, ಮೂರನೆಯದೊಂದು ಹೊಸದನ್ನು ಸೇರಿಸಿದ. ಒಳ್ಳೆಯ ಗಳಿಗೆ ನೋಡಿಯೇ ಸೇರಿಸಿದ. ಪೆಟ್ಟಿಗೆ ಇದ್ದದ್ದನ್ನೆಲ್ಲ ಮೂರು ಡಿಸ್ಕಿಗೂ ಹಂಚಿ ಬರೆಯತೊಡಗಿತು. ಮೂರು ದಿನ ಹಿಡಿಯುತ್ತದೆ, ಮುಗಿಯುವ ತನಕ ಆರಿಸಬೇಡಿ ಎಂದು ತೋರಿಸಿತು. ಗಳಿಗೆ ನೋಡಿದವನು ಹಬ್ಬ ಯಾವತ್ತೆಂದು ನೋಡಿರಲಿಲ್ಲ. ಎರಡನೆಯ ದಿನ ಆಯುಧಪೂಜೆ ಬಂತು.

ವರ್ಷವಿಡೀ ದುಡಿದ ಯಂತ್ರಕ್ಕೆ ಆ ಒಂದು ದಿನ ಬಿಡುವು ಕೊಡಬೇಕು. ಅವನ ಅಜ್ಜ ಆ ದಿನ ಕುಡುಗೋಲು ಮುಟ್ಟುತ್ತಿರಲಿಲ್ಲ, ಅಪ್ಪ ನೇಗಿಲು ಮುಟ್ಟುತ್ತಿರಲಿಲ್ಲ. ಇವನು ಗಿರಣಿ ನಿಲ್ಲಿಸಿ, ತೊಳೆದು, ಹಾರ ಹಾಕಿದ. ತಕ್ಕಡಿಗೂ ಕುಂಕುಮ ಇಟ್ಟ. ಮನೆಗೆ ಬಂದು ನೋಡಿದರೆ ಪೆಟ್ಟಿಗೆಯ ದೀಪ ಮಿಣುಕುತ್ತಲೇ ಇತ್ತು. ಊರಿನ ಯಂತ್ರಗಳೆಲ್ಲ ಕಾಲು ಚಾಚಿ ಮಲಗಿರುವಾಗ ಇದೊಂದು ದುಡಿಯುತ್ತಿದೆಯಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಪ್ಲಗ್ ಕಿತ್ತ. ಮೂರೂ ಡಿಸ್ಕುಗಳನ್ನು ಹೊರತೆಗೆದು ಮಣೆಯ ಮೇಲೆ ಸಾಲಾಗಿ ಕೂರಿಸಿ, ಒಂದೊಂದಕ್ಕೂ ವಿಭೂತಿ ಬಳಿದು, ಹೂ ಏರಿಸಿ, ಆರತಿ ಬೆಳಗಿದ. ನಿಂಬೆಹಣ್ಣು ಹಿಂಡಲಿಲ್ಲ, ಅದೊಂದು ಪುಣ್ಯ. ಮರುದಿನ ಬನ್ನಿ ಕೊಟ್ಟು ಬಂದು ಅವನ್ನು ಮತ್ತೆ ಕೂರಿಸಿದ. ಯಾವುದು ಯಾವ ಖಾನೆಯಲ್ಲಿತ್ತೆಂಬುದು ಮರೆತುಹೋಗಿತ್ತು. ಪೆಟ್ಟಿಗೆ ತನ್ನಲ್ಲಿ ಏನೂ ಇಲ್ಲವೆಂದು ತೋರಿಸಿತು.

ಅಂಗಡಿಯವನು ಒಂದಿಡೀ ದಿನ ತಿಣುಕಿ, ಏನೂ ಉಳಿದಿಲ್ಲ ಎಂದು ಕೈಚೆಲ್ಲಿದ. ಗಿರಣಿಯವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತ. ನೂರಾರು ಪದ ಹೋದದ್ದಕ್ಕೆ ಸಂಕಟವಾಗಿತ್ತು, ಆದರೆ ಅತ್ತದ್ದು ತಾಯಿಯ ಧ್ವನಿಗಾಗಿ. ತನ್ನ ಕೈಯಿಂದಲೇ, ಅದೂ ಭಕ್ತಿಯಿಂದ, ಅಳಿಸಿಹಾಕಿದ್ದ.

ಅವನು ಅಳುತ್ತ ಮನೆಗೆ ಬಂದದ್ದನ್ನು ನೋಡಿ ಹೆಂಡತಿ ತನ್ನ ಗುಟ್ಟು ಒಪ್ಪಿಕೊಂಡಳು. ಅವನಿಗೆ ಸಿಟ್ಟು ಮಾಡುವ ಮುಖ ಉಳಿದಿರಲಿಲ್ಲ. ಆಕೆ ಓಣಿಯೆಲ್ಲ ಸುತ್ತಿ, ಯಾರು ಯಾರು ಏನೇನು ಮೊಬೈಲಿಗೆ ಇಳಿಸಿಕೊಂಡಿದ್ದರೋ ಎಲ್ಲ ತಂದಳು. ಯಾವುದೋ ಊರಿಗೆ ಮದುವೆಯಾಗಿ ಹೋದವರೂ ಕಳಿಸಿದರು. ಮುಕ್ಕಾಲು ಪಾಲು ವಾಪಸು ಬಂತು. ತಾಯಿಯ ಪದ ಮಾತ್ರ ಬರಲಿಲ್ಲ. ಅದು ಎಲ್ಲರೂ ದಿನವೂ ನೋಡುತ್ತಿದ್ದ ವಿಡಿಯೊ. ಬೇಕಾದಾಗ ಸಿಗುತ್ತದಲ್ಲ ಎಂದು ಒಬ್ಬರೂ ಇಳಿಸಿಕೊಂಡಿರಲಿಲ್ಲ.

ಸಂತೆಯ ದಿನ ಬಂತು. ಗಿರಣಿಯ ಮುಂದೆ ಉದ್ದ ಪಾಳಿ. ಇವನು ತಲೆ ತಗ್ಗಿಸಿ ಬೀಸುತ್ತಿದ್ದ. ಯಂತ್ರದ ಸದ್ದಿನ ಆಚೆಯಿಂದ ಒಂದು ರಾಗ ಕಿವಿಗೆ ಬಿತ್ತು. ಅರ್ಧ ಬೀಸಿದ ಜೋಳವನ್ನು ಹಾಗೇ ಬಿಟ್ಟು ಗಿರಣಿ ಆರಿಸಿದ. ಪಕ್ಕದ ಮನೆಯ ಸೊಸೆ ಹಾಡುತ್ತಿದ್ದಳು. ಆಕೆ ಆ ಊರಿಗೆ ಬಂದು ಎರಡು ವರ್ಷ, ಅವನ ತಾಯಿಯನ್ನು ಕಣ್ಣಿಂದ ಕಂಡವಳಲ್ಲ. ಹಾಡುತ್ತಿದ್ದದ್ದು ಮಾತ್ರ ತಾಯಿಯ ಪದ. ಒಂದು ನುಡಿಯೂ ತಪ್ಪಿರಲಿಲ್ಲ. ನಡುವಿಗೆ ಬಂದಾಗ ಸೊಸೆ ಪದ ನಿಲ್ಲಿಸಿದಳು. ಗದರಿಸುವ ದನಿಯಲ್ಲಿ, ರಾಗ ಬಿಡದೆ, “ಕಳ್ಳ ಬೆಕ್ಕ, ಹಿಟ್ಟ ಬಿಟ್ಟ ಹೋಗ” ಎಂದು ಹಾಡಿದಳು. ಪಾಳಿಯ ಹೆಂಗಸರೆಲ್ಲ ಗಪ್ಪನೆ ಸುಮ್ಮನಾದರು. ಅಲ್ಲಿ ಬೆಕ್ಕೇ ಇರಲಿಲ್ಲ. ಆದರೂ ಅದು ಹೊರಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ಎಲ್ಲರೂ ಒಟ್ಟಿಗೆ ಮುಂದಿನ ನುಡಿ ಹಿಡಿದರು.

ಗಿರಣಿಯವನು ಹೊರಗೆ ಬಂದು ಕೇಳಿದ: “ಆ ಬೆಕ್ಕಿನ ನುಡಿ ನಿನಗ ಯಾರು ಕಲಿಸಿದ್ರವ್ವಾ?”

“ನಿಮ್ಮ ಅವ್ವಾರ ಹಂಗ ಹಾಡ್ಯಾರಲ್ರೀ ಟೀವಿಯಾಗ. ಬೆಕ್ಕ ಹೋದ ಮ್ಯಾಲೇನ ಕಲ್ಲ ತಿರಗೂದು.”

ಅವನು ನಗತೊಡಗಿದ. ನಕ್ಕು ನಕ್ಕು ಬುಟ್ಟಿಗಳ ನಡುವೆಯೇ ಕುಳಿತುಬಿಟ್ಟ. ಕಣ್ಣಲ್ಲಿ ನೀರು ಬಂದು ಮುಖದ ಮೇಲಿದ್ದ ಹಿಟ್ಟು ಕಣಕವಾಯಿತು. ಅವನನ್ನು ನೋಡಿ ಪಾಳಿಗೆ ಪಾಳಿಯೇ ನಕ್ಕಿತು. ಆಮೇಲೆ ಆ ಪದವನ್ನು ಇನ್ನೆರಡು ಸಲ ಹಾಡಿಸಿದ. ಎರಡು ಸಲವೂ ಬೆಕ್ಕು ಹೋಗುವ ತನಕ ಅವರ ಜೊತೆ ತಾನೂ ಸುಮ್ಮನೆ ಕಾದ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಶೇಂಗಾ ಸುಲಿಯತೊಡಗಿದರು. ಮಡಿವಾಳಯ್ಯನೂ ನಕ್ಕಿದ್ದ. ಕಣ್ಣೊರೆಸಿಕೊಂಡು, ಅಷ್ಟೇ ಶ್ರದ್ಧೆಯಿಂದ ಕೇಳಿದ: “ಹಾಗಾದರೆ ಎರಡು ಖಾನೆಯದೇ ಸಾಕೇ?”

ಗುರುಗಳು ಚೆನ್ನಾಗಿ ಒಂದು ಸಲ ಕೆಮ್ಮಿದರು.

“ನಾಲ್ಕು ಖಾನೆಯದೇ ತಾ, ಕೊರಳಿನ ಚೀಟಿಯನ್ನು ಮಠದ ಬಾಗಿಲಿಗೆ ಅಂಟಿಸು, ನನ್ನ ಕೆಮ್ಮನ್ನು ಮಾತ್ರ ಕತ್ತರಿಸಬೇಡ.”

ಮಡಿವಾಳಯ್ಯನ ಕೈ ತಾಯಿತದ ದಾರಕ್ಕೆ ಹೋಯಿತು.